ಮುತ್ತು ಬೆಳೆದ ಮಿಕಿಮೊಟೊ



ಈ ಸಲದ ಗೋಡೆ ಪತ್ರಿಕೆಗೆ ಮಹಾನ್ ವ್ಯಕ್ತಿಗಳ ಜೀವನ ಚರಿತ್ರೆ ಬರೆಯಬೇಕು ಎಂದು ಹೇಳಿದ ಕೂಡಲೇ ಗಾಂಧೀಜಿ, ವಿವೇಕಾನಂದರು, ವಿಶ್ವೇಶ್ವರಯ್ಯ, ಕಲ್ಪನಾ ಚಾವ್ಲಾ ಎಲ್ಲರೂ ಐದೇ ನಿಮಿಷದಲ್ಲಿ ಖಾಲಿಯಾಗಿಬಿಟ್ಟರು. ಮುಂದಿನ ಬೆಂಚಿನವರೇ ಎಲ್ಲ ಹೆಸರು ತೆಗೆದುಕೊಂಡರು. ನಾನು ಕೈ ಎತ್ತುವುದರೊಳಗೆ ನನ್ನ ಪಾಲಿಗೆ ಯಾರೂ ಉಳಿಯಲಿಲ್ಲ. ಆಗ ವಿಜ್ಞಾನದ ಅಕ್ಕೋರು ನನಗೆ ಕೋಕಿಚಿ ಮಿಕಿಮೊಟೊ ಎಂಬ ಹೆಸರು ಕೊಟ್ಟರು. ಹೆಸರು ಕೇಳಿ ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆದರೆ ಅಕ್ಕೋರು ಕೊಟ್ಟ ಪುಸ್ತಕ ಓದುತ್ತಾ ಹೋದಂತೆ ನನ್ನ ನಗು ನಿಂತುಹೋಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಅಜ್ಜಿಗೆ ಮುತ್ತು ಹೇಗೆ ಆಗುತ್ತದೆ ಎಂದು ಕೇಳಿದರೆ ಒಂದೇ ಉತ್ತರ. ಸ್ವಾತಿ ಮಳೆಯ ಹನಿ ಬೀಳುವಾಗ ಸಮುದ್ರದ ಚಿಪ್ಪಿ ಬಾಯಿ ತೆರೆದು ಕಾಯುತ್ತದಂತೆ, ಹನಿ ಒಳಗೆ ಬಿದ್ದರೆ ಅದೇ ಮುತ್ತು ಆಗುತ್ತದಂತೆ. ನಾನು ಸಣ್ಣವಳಿದ್ದಾಗ ಸ್ವಾತಿ ಮಳೆಯ ದಿವಸ ಹೊಳೆದಂಡೆಯಿಂದ ನಾಲ್ಕು ಬಳಚು ತಂದು ಅಂಗಳದಲ್ಲಿ ಇಟ್ಟು ಕಾದಿದ್ದೆ. ಬೆಳಿಗ್ಗೆ ಬೆಕ್ಕು ತಿಂದಿತ್ತು! ಈಗ ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಮಿಕಿಮೊಟೊ ಅವರು 1858ರಲ್ಲಿ ಜಪಾನ್ ದೇಶದ ತೋಬಾ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದರು. ತಂದೆ ಉದೋನ್ ಅಂಗಡಿ ನಡೆಸುತ್ತಿದ್ದರು. ಉದೋನ್ ಅಂದರೆ ಗೋಧಿ ಹಿಟ್ಟಿನಿಂದ ಮಾಡುವ ದಪ್ಪ ಶಾವಿಗೆ. ಮನೆಯಲ್ಲಿ ಬಡತನ, ಮಕ್ಕಳು ಬಹಳ. ಹೀಗಾಗಿ ಕೋಕಿಚಿ ನಮ್ಮ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ತರಕಾರಿ ಮಾರಲು ಹೊರಟರು.

1875ರಲ್ಲಿ ತೋಬಾ ಬಂದರಿಗೆ ಒಂದು ಬ್ರಿಟಿಷ್ ಹಡಗು ಬಂದಿತು. ಊರಿನ ವ್ಯಾಪಾರಿಗಳೆಲ್ಲ ದೋಣಿ ಕಟ್ಟಿಕೊಂಡು ಅದರ ಸುತ್ತ ಮುತ್ತಿಕೊಂಡರು, ಆದರೆ ಹಡಗಿನವರು ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಕೋಕಿಚಿ ಏನು ಮಾಡಿದರು ಗೊತ್ತೇ? ದೋಣಿಯಲ್ಲಿ ಬೆನ್ನು ಹಾಕಿ ಮಲಗಿ ಕಾಲು ಮೇಲೆ ಎತ್ತಿ ಜಾತ್ರೆಯ ಸರ್ಕಸ್ಸಿನವರ ಹಾಗೆ ಕಾಲಿನಲ್ಲಿ ಸಾಮಾನು ತಿರುಗಿಸುವ ಆಟ ತೋರಿಸಿದರು. ನಾವಿಕರಿಗೆ ಖುಷಿಯೋ ಖುಷಿ. ಅವರನ್ನು ಮೇಲೆ ಕರೆದರು, ತರಕಾರಿ ಮೊಟ್ಟೆ ಎಲ್ಲ ಅವರಿಂದಲೇ ಕೊಂಡರು. ಈ ಆಟವನ್ನು ಅವರು ಮುದುಕರಾದ ಮೇಲೂ ಬಿಡಲಿಲ್ಲ. ದೊಡ್ಡ ಶ್ರೀಮಂತರಾದ ಮೇಲೂ ಬಂದ ಅತಿಥಿಗಳ ಮುಂದೆ ಮಲಗಿ ಕಾಲಿನಿಂದ ಕೊಡೆ ತಿರುಗಿಸಿ ತೋರಿಸುತ್ತಿದ್ದರಂತೆ. ಆ ಫೋಟೋ ಪುಸ್ತಕದಲ್ಲಿದೆ, ಬೇಕಾದವರು ನನ್ನ ಹತ್ತಿರ ಕೇಳಿ.

ಇಪ್ಪತ್ತನೇ ವರ್ಷಕ್ಕೆ, ಅಂದರೆ 1878ರಲ್ಲಿ, ಅವರು ಟೋಕಿಯೋ ಮತ್ತು ಯೋಕೊಹಾಮಾ ನೋಡಲು ಹೋದರು. ಯೋಕೊಹಾಮಾ ದೊಡ್ಡ ಬಂದರು. ಅಲ್ಲಿ ತಮ್ಮೂರಿನ ಕಡಲಿನ ಸಾಮಾನಿಗೇ ಚೀನಾದ ವ್ಯಾಪಾರಿಗಳು ಒಳ್ಳೇ ದುಡ್ಡು ಕೊಡುವುದನ್ನು ಕಂಡರು. ಒಣಗಿಸಿದ ಚಿಪ್ಪಿ ಮಾಂಸ, ಒಣಗಿಸಿದ ಕಡಲ ಸೌತೆ, ಇವುಗಳ ಜೊತೆ ಮುತ್ತು. ಸಾಸಿವೆ ಕಾಳಿನಷ್ಟು ಸಣ್ಣ ಮುತ್ತನ್ನೂ ಔಷಧಿಗೆ ಎಂದು ಕೊಳ್ಳುತ್ತಿದ್ದರು. ತರಕಾರಿ ಮಾರಿ ಯಾರೂ ಉದ್ಧಾರ ಆಗಲಿಲ್ಲ, ಸಮುದ್ರದ ವ್ಯಾಪಾರವೇ ಸೈ ಎಂದು ನಿಶ್ಚಯಿಸಿ ಊರಿಗೆ ಬಂದರು. 1881ರಲ್ಲಿ ಊಮೆ ಎಂಬ ಹುಡುಗಿಯೊಂದಿಗೆ ಮದುವೆಯಾಯಿತು. ಆಕೆ ಹಳೆಯ ಸಮುರಾಯ್ ಮನೆತನದವಳು. ಸಮುರಾಯ್ ಅಂದರೆ ಜಪಾನಿನ ಕತ್ತಿ ಹಿಡಿದ ವೀರರು. ಅಂಥ ಮನೆಯ ಮಗಳು ಶಾವಿಗೆ ಅಂಗಡಿಗೆ ಸೊಸೆಯಾಗಿ ಬಂದಳು.

ತೋಬಾದ ಹತ್ತಿರ ಆಗೋ ಎಂಬ ಕೊಲ್ಲಿ ಇದೆ. ನಕ್ಷೆಯಲ್ಲಿ ನೋಡಿದರೆ ಹರಿದ ಬಟ್ಟೆಯ ಅಂಚಿನ ಹಾಗೆ ಕಾಣುತ್ತದೆ, ಅಷ್ಟು ಮೂಲೆ, ಅಷ್ಟು ನಡುಗಡ್ಡೆ. ಅಲ್ಲಿ ಅಕೋಯಾ ಎಂಬ ಮುತ್ತಿನ ಚಿಪ್ಪಿ ಬೆಳೆಯುತ್ತಿತ್ತು. ಅಲ್ಲಿಯ ಹೆಂಗಸರೇ ಉಸಿರು ಕಟ್ಟಿ ಮುಳುಗಿ ಚಿಪ್ಪಿ ತೆಗೆಯುತ್ತಾರೆ, ಅವರಿಗೆ ಆಮಾ ಎಂದು ಹೆಸರು. ಮುತ್ತಿಗೆ ಬೆಲೆ ಬಂದದ್ದೇ ತಡ, ಎಲ್ಲರೂ ಬಾಚಿ ಬಾಚಿ ತೆಗೆದರು. ಸಣ್ಣದು ದೊಡ್ಡದು ಅಂತ ನೋಡಲಿಲ್ಲ. ಕೆಲವೇ ವರ್ಷಗಳಲ್ಲಿ ಕೊಲ್ಲಿ ಬರಿದಾಗತೊಡಗಿತು. ನೂರಾರು ಚಿಪ್ಪಿ ಒಡೆದರೂ ಒಂದು ಮುತ್ತು ಸಿಗುವುದು ಕಷ್ಟ, ಹಾಗಿದ್ದೂ ಎಲ್ಲವನ್ನೂ ಒಡೆದರೆ ಮುಂದೆ ಏನು ಗತಿ? ನಮ್ಮ ಹೊಳೆಯ ಬಳಚಿನ ವಿಷಯದಲ್ಲೂ ದೊಡ್ಡವರು ಇದೇ ಮಾತು ಆಡುವುದನ್ನು ನೀವೂ ಕೇಳಿರಬಹುದು.

ಮಿಕಿಮೊಟೊ ಅವರು ಚಿಪ್ಪಿಯನ್ನು ಹಿಡಿಯುವುದಲ್ಲ, ಸಾಕಬೇಕು ಎಂದು ಯೋಚಿಸಿದರು. ಜಪಾನಿನ ಮೀನುಗಾರಿಕೆ ಸಂಘದ ಮುಖ್ಯಸ್ಥರಾಗಿದ್ದ ಯಾನಾಗಿ ನಾರಾಯೋಶಿ ಎಂಬವರು ಅವರಿಗೆ ಬೆಂಬಲ ಕೊಟ್ಟರು. ಈ ಯಾನಾಗಿ ನೌಕಾಪಡೆಯಲ್ಲಿದ್ದು ಜಪಾನಿನ ಕರಾವಳಿಯ ಆಳ ಅಗಲ ಅಳೆದು ನಕ್ಷೆ ಮಾಡಿಸಿದವರು. 1888ರಲ್ಲಿ ಆಗೋ ಕೊಲ್ಲಿಯ ಶಿನ್ಮೆಯಿ ಎಂಬಲ್ಲಿ ಚಿಪ್ಪಿ ಸಾಕಣೆ ಶುರುವಾಯಿತು. ಆದರೆ ಚಿಪ್ಪಿ ಬೆಳೆದ ಮಾತ್ರಕ್ಕೆ ಒಳಗೆ ಮುತ್ತು ಇರಬೇಕಲ್ಲ! ಸಾಕುವ ಖರ್ಚು ಹೆಚ್ಚು, ಮುತ್ತು ಮೊದಲಿನಷ್ಟೇ ಅಪರೂಪ.

1890ರಲ್ಲಿ ಟೋಕಿಯೋದಲ್ಲಿ ದೊಡ್ಡ ವಸ್ತು ಪ್ರದರ್ಶನ ನಡೆಯಿತು. ಅಲ್ಲಿಗೆ ಚಿಪ್ಪಿ ಮುತ್ತು ತೆಗೆದುಕೊಂಡು ಹೋದಾಗ ಯಾನಾಗಿಯವರ ಮೂಲಕ ಪ್ರೊಫೆಸರ್ ಕಾಕಿಚಿ ಮಿತ್ಸುಕುರಿ ಅವರ ಪರಿಚಯವಾಯಿತು. ಮಿತ್ಸುಕುರಿ ಅಮೆರಿಕಾದಲ್ಲಿ ಓದಿ ಬಂದ ಪ್ರಾಣಿಶಾಸ್ತ್ರಜ್ಞರು. ಟೋಕಿಯೋ ವಿಶ್ವವಿದ್ಯಾಲಯದವರು 1886ರಲ್ಲಿ ಮಿಸಾಕಿ ಎಂಬ ಕಡಲತೀರದಲ್ಲಿ ಸಮುದ್ರ ಜೀವಿಗಳ ಸಂಶೋಧನಾ ಕೇಂದ್ರ ತೆರೆದಿದ್ದರು, ಅದರ ಹಿಂದೆ ಇದ್ದವರು ಇವರೇ. ಶಾಲೆ ಬಿಟ್ಟ ತರಕಾರಿ ವ್ಯಾಪಾರಿಗೂ ಇಷ್ಟು ದೊಡ್ಡ ಪ್ರೊಫೆಸರರಿಗೂ ಎಲ್ಲಿಂದೆಲ್ಲಿಗೆ! ಆದರೂ ಪ್ರೊಫೆಸರರು ಅವರನ್ನು ಮಿಸಾಕಿಗೆ ಕರೆಸಿಕೊಂಡು ಚಿಪ್ಪಿ ಬಿಡಿಸಿ ತೋರಿಸಿ, ಮುತ್ತು ಹೇಗೆ ಆಗುತ್ತದೆ, ಅದನ್ನು ಮನುಷ್ಯ ಮಾಡಿಸಲು ಸಾಧ್ಯವೇ ಎಂಬುದನ್ನೆಲ್ಲ ವಿವರಿಸಿದರು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಈ ಭಾಗ.

ಪ್ರೊಫೆಸರರು ಹೇಳಿದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ವಿಜ್ಞಾನ ಬೇಡ ಅನ್ನುವವರು ಮುಂದಿನ ಹಾಳೆಗೆ ಹೋಗಬಹುದು. ಚಿಪ್ಪಿಯ ಮೆತ್ತನೆಯ ಮೈ ಮೇಲೆ ಒಂದು ತೆಳುವಾದ ಹೊದಿಕೆ ಇರುತ್ತದೆ. ಚಿಪ್ಪು ಕಟ್ಟುವುದು ಆ ಹೊದಿಕೆ. ಚಿಪ್ಪಿನ ಒಳಮೈ ಹೊಳೆಯುತ್ತದಲ್ಲ, ಅದೂ ಮುತ್ತೂ ಒಂದೇ ವಸ್ತು, ಸುಣ್ಣದ ಜಾತಿಯದು. ಹೊರಗಿನಿಂದ ಯಾವುದಾದರೂ ಹುಳವೋ ಗಾಯವೋ ಆಗಿ ಹೊದಿಕೆಯ ನಾಲ್ಕು ಜೀವಕೋಶ ಮೈಯ ಒಳಗೆ ಸೇರಿಕೊಂಡರೆ ಅವು ಅಲ್ಲಿಯೇ ಒಂದು ಸಣ್ಣ ಚೀಲ ಕಟ್ಟುತ್ತವೆ. ಅವುಗಳಿಗೆ ಗೊತ್ತಿರುವುದು ಒಂದೇ ಕೆಲಸ, ಸುಣ್ಣದ ಪದರ ಹಚ್ಚುವುದು. ಚೀಲದ ಒಳಗೆ ಸುತ್ತಲೂ ಪದರದ ಮೇಲೆ ಪದರ ಹಚ್ಚುತ್ತಾ ಹೋಗುತ್ತವೆ. ಒಂದೊಂದು ಪದರ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ತೆಳು. ಅದಕ್ಕೇ ಬೆಳಕು ಬಿದ್ದಾಗ ಆ ಬಣ್ಣ ಬರುವುದು. ಮರಳಿನ ಕಣ ಒಳಗೆ ಹೋದರೆ ಮುತ್ತು ಆಗುತ್ತದೆ ಎಂದು ನಮಗೆಲ್ಲ ಹೇಳುತ್ತಾರೆ, ಆದರೆ ಬರೀ ಮರಳಿನಿಂದ ಮುತ್ತು ಆಗುವುದು ಇಲ್ಲವೆನ್ನುವಷ್ಟು ಅಪರೂಪ. ಸ್ವಾತಿ ಮಳೆಯ ಮಾತಂತೂ ಬಿಡಿ. ಅಜ್ಜಿಗೆ ಇನ್ನೂ ಹೇಳಿಲ್ಲ.

ಚೀನಾದವರು ನೂರಾರು ವರ್ಷಗಳ ಹಿಂದೆಯೇ ಸಿಹಿನೀರಿನ ಚಿಪ್ಪಿಯ ಒಳಗೆ ಬುದ್ಧನ ಸಣ್ಣ ಬಿಲ್ಲೆ ಇಟ್ಟು ಮೇಲೆ ಮುತ್ತಿನ ಪದರ ಹಿಡಿಸುತ್ತಿದ್ದರು. ಹಾಗಾದರೆ ಅಕೋಯಾ ಚಿಪ್ಪಿಯಲ್ಲಿ ಯಾಕೆ ಆಗಬಾರದು? ಮಿಕಿಮೊಟೊ ಊರಿಗೆ ಬಂದವರೇ ಪ್ರಯೋಗಕ್ಕೆ ಕುಳಿತರು. ಗಾಜಿನ ಚೂರು, ಮಣ್ಣಿನ ಗುಂಡು, ಸೀಸದ ಗುಂಡು, ಮರ, ಏನು ಕೈಗೆ ಸಿಕ್ಕಿತೋ ಅದನ್ನು ಚಿಪ್ಪಿಯೊಳಗೆ ಇಟ್ಟು ನೋಡಿದರು. ಕೆಲವು ಚಿಪ್ಪಿ ಗುಂಡನ್ನು ಹೊರಗೆ ಉಗುಳಿದವು, ಕೆಲವು ಸತ್ತೇಹೋದವು. ಶಿನ್ಮೆಯಿ ಅಲ್ಲದೆ ತೋಬಾದ ಎದುರು ಓಜಿಮಾ ಎಂಬ ಪುಟ್ಟ ನಡುಗಡ್ಡೆಯ ಹತ್ತಿರವೂ ಚಿಪ್ಪಿ ಇಟ್ಟರು. ಎರಡು ಕಡೆ ಇಟ್ಟದ್ದು ಎಷ್ಟು ಒಳ್ಳೆಯದಾಯಿತು ಎಂದು ಈಗ ಗೊತ್ತಾಗುತ್ತದೆ. ಇತ್ತ ಸಾಲ ಏರುತ್ತಲೇ ಇತ್ತು. ಊರಿನವರು ತಲೆ ಕೆಟ್ಟವನು ಎಂದು ಆಡಿಕೊಂಡರು. ಗಂಡ ಸಮುದ್ರದಲ್ಲಿದ್ದರೆ ಮನೆ, ಮಕ್ಕಳು, ಅಂಗಡಿ ಎಲ್ಲ ಊಮೆಯ ಹೆಗಲ ಮೇಲೆ.

1892ರ ನವೆಂಬರಿನಲ್ಲಿ ಆಗೋ ಕೊಲ್ಲಿಯ ನೀರು ಕೆಂಪಾಯಿತು.

ಇದಕ್ಕೆ ಕೆಂಪು ಉಬ್ಬರ ಎನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಮುದ್ರ ಜೀವಿಗಳು ಒಮ್ಮೆಲೇ ಕೋಟಿ ಕೋಟಿಯಾಗಿ ಹೆಚ್ಚಿ ನೀರಿನ ಬಣ್ಣವೇ ಬದಲಾಗುತ್ತದೆ. ಕೆಲವು ವಿಷ ಬಿಡುತ್ತವೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವೂ ಮುಗಿದುಹೋಗುತ್ತದೆ. ಮೀನಾದರೆ ಓಡಿಹೋಗಬಹುದು. ಚಿಪ್ಪಿ ಎಲ್ಲಿಗೆ ಓಡೀತು? ಶಿನ್ಮೆಯಿಯಲ್ಲಿ ಇಟ್ಟ ಚಿಪ್ಪಿಗಳೆಲ್ಲ ಸತ್ತವು. ನಾಲ್ಕು ವರ್ಷದ ದುಡಿಮೆ ಒಂದು ವಾರದಲ್ಲಿ ನಾರಿಹೋಯಿತು.

ನನ್ನ ನಗು ನಿಂತದ್ದು ಇಲ್ಲಿ. ನನ್ನ ಕ್ಲಾಸಿನವರಿಗೆ ಗೊತ್ತೇ ಇದೆ, ಆದರೂ ಬೇರೆ ಕ್ಲಾಸಿನವರಿಗಾಗಿ ಬರೆಯುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಅಪ್ಪ ಗಜನಿಯಲ್ಲಿ ಸಿಗಡಿ ಕೆರೆ ಮಾಡಿದ್ದರು. ಸಿಗಡಿ ಅಂದರೆ ಶೆಟ್ಲಿ. ಮರಿ, ತಿಂಡಿ, ಪಂಪು ಎಲ್ಲ ಸಾಲದ ಮೇಲೆ. ಇನ್ನು ಹದಿನೈದು ದಿನದಲ್ಲಿ ಹಿಡಿಯಬೇಕು ಅನ್ನುವಾಗ ಒಂದು ಬೆಳಿಗ್ಗೆ ನಾನು ಅಪ್ಪನ ಸಂಗಡ ಹೋದೆ. ಕೆರೆಯ ಅಂಚಿನಲ್ಲಿ ಶೆಟ್ಲಿಗಳು ಬಂದು ಸುಮ್ಮನೆ ನಿಂತಿದ್ದವು, ಮುಟ್ಟಿದರೂ ಜಿಗಿಯಲಿಲ್ಲ. ತಲೆಯ ಚಿಪ್ಪಿನ ಮೇಲೆ ಬಿಳಿ ಚುಕ್ಕೆ. ಅಪ್ಪ ಒಂದನ್ನು ಎತ್ತಿ ನೋಡಿ ಕೆಳಗಿಟ್ಟರು, ಮಾತಾಡಲಿಲ್ಲ. ಮೂರು ದಿನದಲ್ಲಿ ಎಲ್ಲ ಮುಗಿಯಿತು. ಆ ವಾಸನೆ ನಮ್ಮ ಮನೆತನಕ ಬರುತ್ತಿತ್ತು. ಈಗ ಅಪ್ಪ ದಕ್ಕೆಗೆ ಕೂಲಿಗೆ ಹೋಗುತ್ತಾರೆ, ಕೆರೆಯಲ್ಲಿ ಹುಲ್ಲು ಬೆಳೆದಿದೆ. ಆದ್ದರಿಂದ ಆಗೋ ಕೊಲ್ಲಿಯ ನೀರು ಕೆಂಪಾಯಿತು ಎಂದು ಓದಿದಾಗ ನನಗೆ ಅದು ಜಪಾನಿನ ಕಥೆ ಅನಿಸಲಿಲ್ಲ.

ಶಿನ್ಮೆಯಿಯ ಚಿಪ್ಪಿ ಹೋದರೂ ಓಜಿಮಾದವು ಉಳಿದಿದ್ದವು. ಕೆಂಪು ನೀರು ಅಲ್ಲಿಯವರೆಗೆ ಬಂದಿರಲಿಲ್ಲ. 1893ರ ಜುಲೈ 11ರಂದು ಗಂಡ ಹೆಂಡತಿ ಇಬ್ಬರೂ ಬುಟ್ಟಿ ಮೇಲೆತ್ತಿ ಚಿಪ್ಪಿ ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು. ಒಂದರ ಒಳಗೆ ಮುತ್ತು! ಅದನ್ನು ಮೊದಲು ಕಂಡದ್ದು ಊಮೆ ಎಂದು ಹೇಳುತ್ತಾರೆ. ಒಟ್ಟು ಐದು ಮುತ್ತು ಸಿಕ್ಕಿದವು. ಆದರೆ ಪೂರ್ತಿ ಗುಂಡಗೆ ಇರಲಿಲ್ಲ, ಅರ್ಧ ಗುಂಡು, ಚಿಪ್ಪಿನ ಒಳಮೈಗೆ ಅಂಟಿಕೊಂಡಿದ್ದವು. ಹೆಂಚಿನ ಮೇಲೆ ಉಬ್ಬಿದ ರೊಟ್ಟಿಯ ಹಾಗೆ ಅಂದುಕೊಳ್ಳಿ. ಮನುಷ್ಯನ ಕೈಯಿಂದ ಅಕೋಯಾ ಚಿಪ್ಪಿಯಲ್ಲಿ ಮುತ್ತು ಬೆಳೆಯಬಹುದು ಎಂಬುದು ಆ ದಿವಸ ನಿಜವಾಯಿತು. 1896ರ ಜನವರಿಯಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಅಂದರೆ ಆ ವಿಧಾನವನ್ನು ಅವರ ಅಪ್ಪಣೆ ಇಲ್ಲದೆ ಬೇರೆಯವರು ಮಾಡುವ ಹಾಗಿಲ್ಲ ಎಂದು ಸರಕಾರ ಕೊಡುವ ಹಕ್ಕು.

ಅದೇ 1896ರಲ್ಲಿ ಊಮೆ ತೀರಿಕೊಂಡರು. ವಯಸ್ಸು 32. ಐದು ಮಕ್ಕಳು. ಕಷ್ಟದ ದಿನಗಳನ್ನೆಲ್ಲ ಜೊತೆಗೆ ಕಳೆದು ಸುಖ ಬರುವ ಹೊತ್ತಿಗೆ ಅವರು ಇರಲಿಲ್ಲ. ಮಿಕಿಮೊಟೊ ಅವರ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ, ಊಮೆಯ ಬಗ್ಗೆ ನಾಲ್ಕು ಸಾಲು ಮಾತ್ರ. ನಾನು ಈ ಲೇಖನದ ತಲೆಬರಹಕ್ಕೆ ಇಬ್ಬರ ಹೆಸರನ್ನೂ ಹಾಕಬೇಕೆಂದಿದ್ದೆ, ಹಾಳೆಯಲ್ಲಿ ದೊಡ್ಡಕ್ಷರಕ್ಕೆ ಜಾಗ ಸಾಲಲಿಲ್ಲ.

ಆಮೇಲೆ ಕೆಲಸ ಬೆಳೆಯಿತು. ಆಗೋ ಕೊಲ್ಲಿಯ ತಾತೋಕು ನಡುಗಡ್ಡೆಯಲ್ಲಿ ದೊಡ್ಡದಾಗಿ ಸಾಕಣೆ ಶುರು ಮಾಡಿದರು. 1899ರಲ್ಲಿ ಟೋಕಿಯೋದ ಗಿಂಜಾ ಎಂಬ ಪೇಟೆಯಲ್ಲಿ ಮುತ್ತಿನ ಅಂಗಡಿ ತೆರೆದರು. ಅರ್ಧ ಮುತ್ತನ್ನು ಉಂಗುರಕ್ಕೆ, ಓಲೆಗೆ ಕೂರಿಸಬಹುದು, ಸರಕ್ಕೆ ಪೋಣಿಸಲು ಆಗುವುದಿಲ್ಲ. ಸರಕ್ಕೆ ಪೂರ್ತಿ ಗುಂಡನೆಯ ಮುತ್ತೇ ಬೇಕು. ಅದಕ್ಕಾಗಿ ಪ್ರಯೋಗ ನಡೆಯುತ್ತಲೇ ಇತ್ತು. ಅವರ ಸಂಗಡ ಕುವಾಬಾರಾ ಎಂಬ ಹಲ್ಲಿನ ಡಾಕ್ಟರರು ಸೇರಿಕೊಂಡಿದ್ದರು. ಚಿಪ್ಪಿಯ ಬಾಯಿ ಸ್ವಲ್ಪವೇ ತೆರೆದು ಒಳಗೆ ನಾಜೂಕಾಗಿ ಕೆಲಸ ಮಾಡಲು ಹಲ್ಲಿನ ಡಾಕ್ಟರರಿಗಿಂತ ಒಳ್ಳೆಯವರು ಯಾರಿದ್ದಾರೆ ಹೇಳಿ!

1905ರ ಜನವರಿಯಲ್ಲಿ ಮತ್ತೆ ಕೆಂಪು ನೀರು ಬಂತು. ಈ ಸಲ ಸತ್ತ ಚಿಪ್ಪಿಗಳು 8,50,000. ಎಂಟೂವರೆ ಲಕ್ಷ! ನಮ್ಮ ತಾಲ್ಲೂಕಿನ ಜನರನ್ನೆಲ್ಲ ಎಣಿಸಿದರೂ ಅಷ್ಟು ಆಗುವುದಿಲ್ಲ. ಆಗ ಅವರಿಗೆ 47 ವರ್ಷ. ಬೇರೆ ಯಾರಾದರೂ ಆಗಿದ್ದರೆ ಆ ಕೊಳೆತ ರಾಶಿಯನ್ನು ಗುಂಡಿ ತೋಡಿ ಮುಚ್ಚುತ್ತಿದ್ದರು. ಇವರು ಸತ್ತ ಚಿಪ್ಪಿಗಳನ್ನು ಒಡೆದು ಒಡೆದು ನೋಡಿದರು. ಸತ್ತ ಶೆಟ್ಲಿಯ ವಾಸನೆ ನನಗೆ ಗೊತ್ತು, ಹಾಗಾಗಿ ಆ ಕೆಲಸ ಹೇಗಿದ್ದಿರಬಹುದು ಎಂದು ಊಹೆ ಮಾಡಬಲ್ಲೆ. ಆ ರಾಶಿಯಲ್ಲಿ ಅವರಿಗೆ ಐದು ಮುತ್ತು ಸಿಕ್ಕಿದವು, ಪೂರ್ತಿ ಗುಂಡನೆಯವು. 1908ರಲ್ಲಿ ಗುಂಡು ಮುತ್ತಿನ ಪೇಟೆಂಟ್ ಬಂತು.

ಈ ಕಥೆಯನ್ನು ನಾನು ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಹೇಳಿದೆ. ಅಪ್ಪ ಪೂರ್ತಿ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು, ಎಲ್ಲ ಸತ್ತ ಮೇಲೆ ಮತ್ತೆ ಶುರು ಮಾಡಲು ಅವನಿಗೆ ದುಡ್ಡು ಎಲ್ಲಿಂದ ಬಂತು ಎಂದು. ನಾನು ಎದ್ದು ಪುಸ್ತಕ ತಂದು ನೋಡಿ ಹೇಳಿದೆ. 1905ರ ಹೊತ್ತಿಗೆ ಗಿಂಜಾದ ಅಂಗಡಿಗೆ ಆರು ವರ್ಷವಾಗಿತ್ತು, ಅರ್ಧ ಮುತ್ತಿನ ವ್ಯಾಪಾರ ನಡೆಯುತ್ತಿತ್ತು. ಅಪ್ಪ ತಲೆ ಆಡಿಸಿ ಕೈ ತೊಳೆಯಲು ಎದ್ದರು. ಛಲ ಇದ್ದರೆ ಸಾಕು ಎಂದು ಬರೆಯಬೇಕೆಂದು ನಾನು ಮೊದಲು ಅಂದುಕೊಂಡಿದ್ದೆ. ಅಪ್ಪನ ಪ್ರಶ್ನೆಯ ನಂತರ ಆ ಸಾಲು ಹೊಡೆದು ಹಾಕಿದೆ. ಒಂದು ಕಡೆ ಮುಳುಗಿದರೆ ಇನ್ನೊಂದು ಕಡೆ ಹಿಡಿದುಕೊಳ್ಳಲು ಅವರಿಗೆ ಏನಾದರೂ ಇತ್ತು. 1892ರಲ್ಲಿ ಓಜಿಮಾ ಇತ್ತು, 1905ರಲ್ಲಿ ಅಂಗಡಿ ಇತ್ತು.

ಇನ್ನೊಂದು ವಿಷಯ ಬರೆಯಲೇಬೇಕು. ಗುಂಡು ಮುತ್ತನ್ನು ಮಿಕಿಮೊಟೊ ಒಬ್ಬರೇ ಕಂಡುಹಿಡಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದೇ ಕಾಲಕ್ಕೆ ಮಿಸೆ ತಾತ್ಸುಹೆಯ್ ಎಂಬ ಬಡಗಿ ಮತ್ತು ನಿಶಿಕಾವಾ ತೋಕಿಚಿ ಎಂಬ ವಿಜ್ಞಾನಿ ಬೇರೆ ಬೇರೆಯಾಗಿ ಇದೇ ಕೆಲಸ ಮಾಡುತ್ತಿದ್ದರು. ನಿಶಿಕಾವಾ ಮಿತ್ಸುಕುರಿಯವರ ಶಿಷ್ಯ, ಮೇಲಾಗಿ ಮಿಕಿಮೊಟೊ ಅವರ ಅಳಿಯ! ಇವರ ವಿಧಾನ ಸುಲಭ. ಇನ್ನೊಂದು ಚಿಪ್ಪಿಯ ಹೊದಿಕೆಯಿಂದ ಕತ್ತರಿಸಿದ ಸಣ್ಣ ಚೂರನ್ನು ಗುಂಡಿನ ಜೊತೆ ಚಿಪ್ಪಿಯ ಮೈಯೊಳಗೆ ಇಟ್ಟರೆ ಸಾಕು, ಆ ಚೂರೇ ಬೆಳೆದು ಚೀಲವಾಗಿ ಗುಂಡನ್ನು ಸುತ್ತಿಕೊಳ್ಳುತ್ತದೆ. ಮಿಕಿಮೊಟೊ ಅವರ ವಿಧಾನದಲ್ಲಿ ಇಡೀ ಗುಂಡನ್ನೇ ಹೊದಿಕೆಯಲ್ಲಿ ಗಂಟು ಕಟ್ಟಬೇಕಿತ್ತು. ಒಂದು ಮುತ್ತಿಗೆ ಒಂದು ಚಿಪ್ಪಿ ಬಲಿ, ಕೆಲಸವೂ ಬಹಳ. ಕಡೆಗೆ ಅವರೂ ಚೂರಿನ ವಿಧಾನಕ್ಕೇ ಬಂದರು. ಜಗತ್ತೆಲ್ಲ ಮುತ್ತು ಬೆಳೆಯುವವರು ಅದನ್ನೇ ಅನುಸರಿಸಿದರು. ನಿಶಿಕಾವಾ 1909ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಹೆಸರು ಮಾತ್ರ ಮಾವನದ್ದೇ ಉಳಿಯಿತು. ಮಿಸೆ ಎಂಬ ಬಡಗಿಯ ಹೆಸರನ್ನು ನೀವು ಮೊದಲು ಕೇಳಿದ್ದೀರಾ? ನಾನೂ ಕೇಳಿರಲಿಲ್ಲ.

ಒಳಗೆ ಇಡುವ ಗುಂಡು ಯಾವುದರದ್ದು ಅಂದರೆ, ಅದೂ ಚಿಪ್ಪಿನದೇ. ಅಮೆರಿಕಾದ ಮಿಸಿಸಿಪಿ ನದಿಯ ದಪ್ಪ ಚಿಪ್ಪನ್ನು ತರಿಸಿ ಕೊರೆದು ಗೋಲಿ ಮಾಡುತ್ತಿದ್ದರು. ಗುಂಡು ಇಟ್ಟ ಚಿಪ್ಪಿಗಳನ್ನು ಬುಟ್ಟಿಯಲ್ಲಿ ಹಾಕಿ, ನೀರಿನ ಮೇಲೆ ತೇಲುವ ಮರದ ತೆಪ್ಪಕ್ಕೆ ನೇತು ಬಿಡುತ್ತಾರೆ. ನೀರು ತಣ್ಣಗಾದರೆ ಬೆಚ್ಚಗಿನ ಜಾಗಕ್ಕೆ ತೆಪ್ಪವನ್ನೇ ಎಳೆದುಕೊಂಡು ಹೋಗಬಹುದು. ಚಿಪ್ಪಿನ ಮೇಲೆ ಪಾಚಿ, ಹುಳ ಹತ್ತಿದರೆ ಎತ್ತಿ ಕೆರೆದು ತೊಳೆದು ಮತ್ತೆ ಬಿಡಬೇಕು. ದನ ಸಾಕಿದ ಹಾಗೆಯೇ, ದಿನವೂ ನೋಡಬೇಕು.

ಈ ಮುತ್ತು ಯುರೋಪಿಗೆ ಹೋದಾಗ ದೊಡ್ಡ ಗಲಾಟೆಯಾಯಿತು. 1921ರಲ್ಲಿ ಲಂಡನ್ನಿನ ಪತ್ರಿಕೆಗಳು ಇದು ಮೋಸದ ಮುತ್ತು ಎಂದು ಬರೆದವು. ಪ್ಯಾರಿಸ್ಸಿನ ವ್ಯಾಪಾರಿಗಳೂ ಸಿಟ್ಟಾದರು. ಯಾಕೆ ಸಿಟ್ಟು ಎಂದರೆ ಹೊರಗಿನಿಂದ ನೋಡಿ ಯಾವುದು ಯಾವುದು ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ! ಇಂಗ್ಲೆಂಡಿನ ಲಿಸ್ಟರ್ ಜೇಮ್ಸನ್, ಫ್ರಾನ್ಸಿನ ಲೂಯಿ ಬೂತಾಂ ಎಂಬ ಸಮುದ್ರ ವಿಜ್ಞಾನಿಗಳು ಪರೀಕ್ಷೆ ಮಾಡಿ, ಚಿಪ್ಪಿ ಹಚ್ಚುವ ಪದರ ಎರಡರಲ್ಲೂ ಒಂದೇ ಎಂದು ತಿಳಿಸಿದರು. 1924ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ಮಿಕಿಮೊಟೊ ಅವರ ಕಡೆಗೆ ತೀರ್ಪು ಬಂತು. ಬೆಳೆಸಿದ ಮುತ್ತು ಎಂದು ಹೇಳಿ ಮಾರಲು ಅಡ್ಡಿಯಿಲ್ಲ ಎಂದಾಯಿತು. ಆಮೇಲೆ ಅವರ ಹೆಸರು ಎಲ್ಲ ದೇಶಕ್ಕೂ ಹೋಯಿತು. 1927ರಲ್ಲಿ ಅಮೆರಿಕಾಕ್ಕೆ ಹೋಗಿ ಬಲ್ಬು ಮಾಡಿದ ಎಡಿಸನ್‌ರನ್ನು ಕಂಡು ಬಂದರು. 1939ರ ನ್ಯೂಯಾರ್ಕ್ ಪ್ರದರ್ಶನಕ್ಕೆ 12,000ಕ್ಕೂ ಹೆಚ್ಚು ಮುತ್ತು ಕೂರಿಸಿದ ಗಂಟೆಯನ್ನೇ ಮಾಡಿ ಕಳಿಸಿದರು. 1932ರಲ್ಲಿ ಕೋಬೆ ಪಟ್ಟಣದಲ್ಲಿ ಕಳಪೆ ಮುತ್ತುಗಳನ್ನು ರಾಶಿ ಹಾಕಿ, ಪತ್ರಿಕೆಯವರ ಎದುರಿಗೇ ಸಲಿಕೆಯಿಂದ ಬೆಂಕಿಗೆ ಸುರಿದರು. ಕೆಟ್ಟ ಮುತ್ತು ಮಾರಿ ಎಲ್ಲರ ಹೆಸರು ಕೆಡಿಸಬೇಡಿ ಎಂದು ಉಳಿದ ಬೆಳೆಗಾರರಿಗೆ ತೋರಿಸಲು ಹಾಗೆ ಮಾಡಿದ್ದು. ನಮ್ಮಮ್ಮನಿಗೆ ಈ ಭಾಗ ಸರಿ ಬರಲಿಲ್ಲ. ಸುಡುವ ಬದಲು ಬಡವರಿಗೆ ಕೊಡಬಹುದಿತ್ತು ಎನ್ನುತ್ತಾರೆ.

ಅಮ್ಮ ಹೇಳಿದ್ದರಲ್ಲೂ ಅರ್ಥವಿದೆ ಎಂದು ನನಗೆ ಅನಿಸಿದ್ದು ಇನ್ನೊಂದು ಕಾರಣಕ್ಕೆ. ಬಹ್ರೇನ್, ಕುವೈತ್ ಮುಂತಾದ ಕೊಲ್ಲಿ ದೇಶಗಳ ಜನ ಸಾವಿರಾರು ವರ್ಷದಿಂದ ಮುತ್ತಿಗಾಗಿ ಮುಳುಗಿ ಬದುಕಿದವರು. ಅವರ ಮುತ್ತಿಗೆ ಬೊಂಬಾಯಿ ದೊಡ್ಡ ಮಾರುಕಟ್ಟೆ. ಜಪಾನಿನ ಬೆಳೆದ ಮುತ್ತು ಬಂದ ಮೇಲೆ, ಅದೇ ಹೊತ್ತಿಗೆ ಜಗತ್ತಿನಲ್ಲೆಲ್ಲ ವ್ಯಾಪಾರ ಬಿದ್ದು, 1930ರ ನಂತರ ಅವರ ಕಸುಬು ಮುಳುಗಿಹೋಯಿತು. ಅವರ ಪುಣ್ಯ, 1932ರಲ್ಲಿ ಬಹ್ರೇನಿನಲ್ಲಿ ಎಣ್ಣೆ ಸಿಕ್ಕಿತು. ನಮ್ಮ ಕರಾವಳಿಯಿಂದ ಎಷ್ಟೋ ಜನ ಈಗ ಕೆಲಸಕ್ಕೆ ಹೋಗುವ ದೇಶಗಳು ಅವೇ. ಮುತ್ತು ಮಿಕಿಮೊಟೊಗೆ ಊಟ ಕೊಟ್ಟಿತು, ಇನ್ನೊಬ್ಬರ ಊಟ ತೆಗೆಯಿತು. ಪುಸ್ತಕದಲ್ಲಿ ಇದು ಒಂದು ಸಾಲಿನಲ್ಲಿ ಮುಗಿದಿದೆ.

ಎರಡನೇ ಮಹಾಯುದ್ಧದಲ್ಲಿ ಮುತ್ತಿನ ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಅಮೆರಿಕಾದ ಸೈನಿಕರು ಮನೆಗೆ ಒಯ್ಯಲು ಮುತ್ತಿನ ಸರ ಕೊಂಡರು, ವ್ಯಾಪಾರ ಮತ್ತೆ ಎದ್ದಿತು. ಮಿಕಿಮೊಟೊ ಅವರು ಕಿಮೋನೊ ಉಟ್ಟು, ತಲೆಗೆ ಇಂಗ್ಲಿಷರ ಗುಂಡು ಟೋಪಿ ಹಾಕಿ ತಮ್ಮ ನಡುಗಡ್ಡೆಯಲ್ಲಿಯೇ ಇದ್ದರು. 1954ರ ಸೆಪ್ಟೆಂಬರ್ 21ರಂದು ತಮ್ಮ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಓಜಿಮಾಕ್ಕೆ ಈಗ ಮಿಕಿಮೊಟೊ ಮುತ್ತಿನ ದ್ವೀಪ ಎಂದೇ ಹೆಸರು. ಅಲ್ಲಿ ಅವರ ಪ್ರತಿಮೆ ಇದೆ, ಮುತ್ತಿನ ವಸ್ತುಸಂಗ್ರಹಾಲಯ ಇದೆ, ಆಮಾ ಹೆಂಗಸರು ಮುಳುಗಿ ತೋರಿಸುತ್ತಾರೆ.

ನಮ್ಮ ದೇಶದ ಮಾತನ್ನೂ ಸೇರಿಸುತ್ತೇನೆ. ಅಕೋಯಾದ ಹತ್ತಿರದ ಸಂಬಂಧಿಯಾದ ಮುತ್ತಿನ ಚಿಪ್ಪಿ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಇದೆ. ಪಾಂಡ್ಯ ರಾಜರ ಕಾಲದಿಂದ ಅಲ್ಲಿ ಮುತ್ತು ತೆಗೆಯುತ್ತಿದ್ದರು. ತೂತ್ತುಕುಡಿಯಲ್ಲಿ ಕೊನೆಯ ಸಲ ಮುತ್ತಿನ ಚಿಪ್ಪಿ ತೆಗೆದದ್ದು 1961ರಲ್ಲಿ. ಆಮೇಲೆ 1973ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಕೆ. ಅಳಗರಸ್ವಾಮಿಯವರು ತೂತ್ತುಕುಡಿಯ ಹತ್ತಿರ ಆ ಚಿಪ್ಪಿಯಲ್ಲಿ ಗುಂಡನೆಯ ಮುತ್ತು ಬೆಳೆಸಿದರು. ಅದೇ ಸಂಸ್ಥೆಯ ಕೇಂದ್ರ ನಮ್ಮ ಜಿಲ್ಲೆಯ ಕಾರವಾರದಲ್ಲಿಯೂ ಇದೆ. ಮುಂದಿನ ತಿಂಗಳು ಶಾಲೆಯ ಪ್ರವಾಸ ಎಲ್ಲಿಗೆ ಎಂದು ಇನ್ನೂ ಠರಾವು ಆಗಿಲ್ಲ ಎಂದು ಕೇಳಿದ್ದೇನೆ. ಹೆಡ್ ಮಾಸ್ತರರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಬೇಕಾಗಿ ವಿನಂತಿ. ಶೆಟ್ಲಿಯ ಬಿಳಿ ಚುಕ್ಕೆ ರೋಗದ ಬಗ್ಗೆ ನನಗೆ ಅಲ್ಲಿ ಕೇಳುವುದಿದೆ. ಅಪ್ಪ ಹೇಳಿ ಬರೆಸಿದ ಮೂರು ಪ್ರಶ್ನೆ ನನ್ನ ಪಟ್ಟಿಯ ಹಿಂದಿನ ಪುಟದಲ್ಲಿವೆ.

ಈ ಹಾಳೆಯ ಕೆಳಗೆ ಅಂಟಿಸಿರುವುದು ನಮ್ಮ ಹೊಳೆಯ ನೀಲಿಕಲ್ಲಿನ ಚಿಪ್ಪು. ಇದು ಮುತ್ತಿನ ಚಿಪ್ಪಿ ಅಲ್ಲ. ಆದರೆ ಕಿಟಕಿಯ ಬೆಳಕಿಗೆ ಓರೆಯಾಗಿ ನಿಂತು ಒಳಮೈ ನೋಡಿ, ಆ ಬಣ್ಣ ಕಾಣುತ್ತದೆ. ಮುಟ್ಟಬೇಡಿ, ಅಂಟು ಇನ್ನೂ ಹಸಿ ಇದೆ.